ಶಾಖೆ ಮುಚ್ಚುವಾಗ ಗುಜರಿ ಗಾಡಿ ಹತ್ತಿದ ಕಾಗದಗಳು: ನಮ್ಮಲ್ಲಿ ಆದದ್ದು ನಿಮ್ಮಲ್ಲಿ ಆಗದಿರಲಿ

ನೀವು ಕೆಲಸ ಮಾಡುವ ಶಾಖೆಯನ್ನು ಮುಚ್ಚುತ್ತಾರೆ ಎಂಬ ಸುದ್ದಿ ಬಂದಿದ್ದರೆ, ಅಥವಾ ನೀವು ಸಾಲ ತೆಗೆದುಕೊಂಡ ಫೈನಾನ್ಸಿನ ಶಾಖೆ ಬಾಗಿಲು ಹಾಕುತ್ತಿದೆ ಎಂದು ಕಿವಿಗೆ ಬಿದ್ದಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಟೇಬಲ್, ಕುರ್ಚಿ, ಎಸಿಗಳ ಲೆಕ್ಕವನ್ನು ಹೆಡ್ ಆಫೀಸ್ ಸರಿಯಾಗಿಯೇ ಇಟ್ಟುಕೊಳ್ಳುತ್ತದೆ. ಕಪಾಟಿನೊಳಗಿನ ಕಾಗದಗಳಿಗೆ ಮಾತ್ರ ದಿಕ್ಕಿರುವುದಿಲ್ಲ. ಆ ಕಾಗದಗಳು ಕಂಪನಿಯವಲ್ಲ, ಗಿರಾಕಿಗಳವು ಮತ್ತು ನಮ್ಮವು.

ಹುಬ್ಬಳ್ಳಿಯಲ್ಲಿ ಒಂದು ಖಾಸಗಿ ಫೈನಾನ್ಸ್ ಕಂಪನಿಯ ಶಾಖೆಯಲ್ಲಿ ನಾನು ಬ್ಯಾಕ್ ಆಫೀಸ್ ಕೆಲಸದಲ್ಲಿದ್ದೆ. ಹೆಸರು ಬರೆಯುವುದಿಲ್ಲ, ದೂರು ಇನ್ನೂ ವಿಚಾರಣೆಯಲ್ಲಿದೆ. ಬೈಕ್ ಸಾಲ, ಸಣ್ಣ ವ್ಯಾಪಾರಸ್ಥರ ಸಾಲ ನಮ್ಮ ಮುಖ್ಯ ವ್ಯವಹಾರ. ಗಿರಾಕಿಗಳು ಹೆಚ್ಚಾಗಿ ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ಕಡೆಯವರು. ಖಾತೆಗಳನ್ನೆಲ್ಲ ಬೆಳಗಾವಿ ಶಾಖೆಗೆ ಸೇರಿಸುತ್ತೇವೆ, ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ ಎಂದು ಮೇಲ್ ಬಂತು. ಕೊನೆಯ ವಾರ ಹೆಡ್ ಆಫೀಸಿನಿಂದ ಒಬ್ಬ ಅಡ್ಮಿನ್ ಅಧಿಕಾರಿ ಬಂದರು. ಅವರಿಗೆ ಕೊಟ್ಟಿದ್ದ ಕೆಲಸ ಒಂದೇ: ಕೀಲಿಕೈಯನ್ನು ಮಾಲೀಕರಿಗೆ ಒಪ್ಪಿಸಿ ಅಡ್ವಾನ್ಸ್ ವಾಪಸ್ ತರುವುದು.

ನಡೆಯುತ್ತಿರುವ ಸಾಲಗಳ ಫೈಲುಗಳನ್ನು ಡಬ್ಬಿಗಳಲ್ಲಿ ತುಂಬಿ, ಪಟ್ಟಿ ಬರೆದು ಬೆಳಗಾವಿಗೆ ಕಳಿಸಿದೆವು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಉಳಿದದ್ದು ಕಂತು ಮುಗಿದ ಸಾಲಗಳ ಫೈಲುಗಳು, ಮೂರು ಕಪಾಟಿನ ತುಂಬ. "ಇವಕ್ಕೂ ಪಟ್ಟಿ ಮಾಡೋಣ ಸರ್, ಒಳಗೆ ಗಿರಾಕಿಗಳ ಚೆಕ್ ಇವೆ" ಎಂದು ನಾನು ಬಾಯಿಮಾತಿನಲ್ಲೂ ಹೇಳಿದೆ, ಮೇಲ್ ಕೂಡ ಹಾಕಿದೆ. "ಎಲ್ಲ ಸ್ಕ್ಯಾನ್ ಆಗಿವೆ, ಮುಗಿದ ಸಾಲದ ಫೈಲು ಯಾರಿಗೆ ಬೇಕು" ಎಂಬ ಉತ್ತರ ಬಂತು. ಮರುದಿನ ಗುಜರಿಯವರನ್ನು ಕರೆಸಿ, ಕಪಾಟು, ಕಂಪ್ಯೂಟರ್, ಯುಪಿಎಸ್ ಬ್ಯಾಟರಿ, ರದ್ದಿ ಎಲ್ಲವನ್ನೂ ಸೇರಿಸಿ ಒಂದೇ ಲಾಟ್ ಎಂದು ದರ ಕುದುರಿಸಿ ಕೊಟ್ಟುಬಿಟ್ಟರು. ಸಂಜೆಯೊಳಗೆ ಟಾಟಾ ಏಸ್ ಗಾಡಿಗಳು ತುಂಬಿ ಹೊರಟವು. ತೂಕದ ಚೀಟಿ ಇಲ್ಲ, ಗೇಟ್ ಪಾಸ್ ಇಲ್ಲ, ಯಾವ ಕಪಾಟಿನಲ್ಲಿ ಏನು ಹೋಯಿತು ಎಂಬ ಒಂದು ಸಾಲಿನ ಬರಹವೂ ಇಲ್ಲ.

ಮುಗಿದ ಸಾಲದ ಫೈಲಿನಲ್ಲಿ ಏನಿರುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಆಧಾರ್, ಪ್ಯಾನ್ ಪ್ರತಿಗಳು, ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಜಾಮೀನುದಾರರ ಸಹಿಗಳು. ಎಲ್ಲಕ್ಕಿಂತ ಅಪಾಯದ್ದು ಸೆಕ್ಯೂರಿಟಿ ಚೆಕ್. ಸಾಲ ಕೊಡುವಾಗ ತಾರೀಖು, ಮೊತ್ತ ಬರೆಯದೆ ಸಹಿ ಮಾತ್ರ ಹಾಕಿಸಿಕೊಂಡ ಚೆಕ್ ಹಾಳೆಗಳು ಅವು. ಕಂತು ಮುಗಿದ ಮೇಲೆ ಗಿರಾಕಿ ಬಂದು ಕೇಳಿದರೆ ವಾಪಸ್ ಕೊಡುತ್ತೇವೆ. ಎಷ್ಟೋ ಜನ ಕೇಳುವುದೇ ಇಲ್ಲ. ಚೆಕ್ಕಿಗೆ ಮೂರು ತಿಂಗಳ ಆಯುಷ್ಯ ಎನ್ನುತ್ತಾರಲ್ಲ, ಅದನ್ನು ಎಣಿಸುವುದು ಚೆಕ್ಕಿನ ಮೇಲೆ ಬರೆದ ತಾರೀಖಿನಿಂದ. ತಾರೀಖೇ ಇಲ್ಲದ ಚೆಕ್ಕಿಗೆ ಯಾರ ಕೈಗೆ ಸಿಗುತ್ತದೋ ಅವರು ತಾರೀಖು ತುಂಬಬಹುದು. ಬೌನ್ಸ್ ಆದರೆ ಕೋರ್ಟಿಗೆ ಅಲೆಯಬೇಕಾದವರು ಸಹಿ ಹಾಕಿದ ಬಡಪಾಯಿಗಳು.

ಇನ್ನೊಂದು ಮಾತು. ಇದನ್ನು ಹಳೇ ಕಾಗದ ಎಂದು ಎಸೆಯಲು ಕಾನೂನೂ ಬಿಡುವುದಿಲ್ಲ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ, ಗಿರಾಕಿಯ ಗುರುತಿನ ದಾಖಲೆಗಳನ್ನು ವ್ಯವಹಾರ ಮುಗಿದ ಮೇಲೂ 5 ವರ್ಷ ಇಟ್ಟುಕೊಳ್ಳಬೇಕು. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಡಬೇಕು. ಅಂದರೆ ನಮ್ಮ ಕಪಾಟುಗಳಲ್ಲಿದ್ದ ಬಹಳಷ್ಟು ಫೈಲುಗಳು ಇನ್ನೂ ಜೋಪಾನವಾಗಿ ಇರಬೇಕಾದವು. ಅವಧಿ ಮುಗಿದವನ್ನು ಕೂಡ ಯಂತ್ರದಲ್ಲಿ ಚೂರು ಮಾಡಿ ವಿಲೇವಾರಿ ಮಾಡಬೇಕೇ ಹೊರತು ರದ್ದಿಗೆ ತೂಕ ಹಾಕುವುದಲ್ಲ.

ಬಾಗಿಲು ಹಾಕಿ ಕೆಲವು ವಾರಗಳಾಗಿರಬೇಕು, ಕುಂದಗೋಳ ಕಡೆಯ ಒಬ್ಬ ಗಿರಾಕಿ ನನಗೆ ಫೋನ್ ಮಾಡಿದರು. "ಅಕ್ಕಾರ, ಕಂತೆಲ್ಲಾ ಮುಗಿಸೇನ್ರಿ. ಎನ್‌ಒಸಿ ಕೊಡ್ರಿ ಅಂದ್ರ ಬೆಳಗಾವಿಯವರು ಫೈಲ ಇಲ್ಲ ಅಂತಾರ. ನಿಮ್ಮ ಆಫೀಸಿಗೆ ಬಂದ್ರ ಕೀಲಿ ಹಾಕೇದ. ನಾ ಎಲ್ಲಿಗೆ ಹೋಗ್ಲಿರಿ?" ಬೈಕಿನ ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಹಾಗೇ ಉಳಿದರೆ ಗಾಡಿ ಮಾರಲು ಬರುವುದಿಲ್ಲ. ಅದನ್ನು ತೆಗೆಸಲು ಆರ್‌ಟಿಒ ಕಚೇರಿಗೆ ಕಂಪನಿಯ ಎನ್‌ಒಸಿ (ಸಾಲ ತೀರಿದೆ, ನಮ್ಮ ಆಕ್ಷೇಪವಿಲ್ಲ ಎಂಬ ಪತ್ರ) ಬೇಕು, ಸಾಲದ ಹೊರೆ ತೆಗೆಯಲು ಕಂಪನಿ ಸಹಿ ಮಾಡಿದ ಫಾರಂ 35 ಬೇಕು. ಮಗಳ ಮದುವೆಗೆಂದು ಬೈಕ್ ಮಾರಲು ಹೊರಟಿದ್ದ ಆ ಮನುಷ್ಯ ದುಡಿಮೆ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು ಬೆಳಗಾವಿಗೆ ಅಲೆದರು. ಒಂದು ರೂಪಾಯಿ ಬಾಕಿ ಇಲ್ಲದವರಿಗೆ ಈ ಶಿಕ್ಷೆ ಏಕೆ?

ಇಂಥವರಿಗೆ ಒಂದು ಬಲವಾದ ನಿಯಮವಿದೆ. ಅದು ತಿಳಿದಿರುವವರು ಕಡಿಮೆ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ವಾಪಸ್ ಕೊಡಬೇಕು, ನೋಂದಾಯಿಸಿದ ಹೊರೆಯನ್ನೂ ತೆಗೆಸಬೇಕು. ಮನೆ ಸಾಲ, ಬಂಗಾರದ ಸಾಲ, ಸ್ವಂತ ಬಳಕೆಗೆ ತೆಗೆದುಕೊಂಡ ವಾಹನದ ಸಾಲ ಎಲ್ಲ ಇದರಲ್ಲಿ ಬರುತ್ತವೆ. ಸಾಲ ಕೊಟ್ಟವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ದಾಖಲೆ ಕಳೆದಿದ್ದರೆ ನಕಲು ಪ್ರತಿ ತೆಗೆಸಿಕೊಡುವ ಖರ್ಚು ಕಂಪನಿಯದೇ, ಅದಕ್ಕೆ ಇನ್ನೂ 30 ದಿನ ಸಮಯ ಅಷ್ಟೇ. ದಾಖಲೆಯನ್ನು ಸಾಲ ನಡೆದ ಶಾಖೆಯಲ್ಲಿ ಪಡೆಯಬೇಕೋ, ದಾಖಲೆ ಇರುವ ಬೇರೆ ಕಚೇರಿಯಲ್ಲೋ ಎಂಬುದನ್ನು ಗಿರಾಕಿಯೇ ಆರಿಸಬಹುದು. ಇದನ್ನು ಬರೆದು ಒಂದು ಅರ್ಜಿ ತಯಾರಿಸಿಕೊಟ್ಟೆ. ಅಲ್ಲಿಯವರೆಗೆ ಫೈಲಿಲ್ಲ ಎನ್ನುತ್ತಿದ್ದವರು ಆಮೇಲೆ ಕಂಪ್ಯೂಟರಿನ ಲೆಕ್ಕ ನೋಡಿಯೇ ಎನ್‌ಒಸಿ ಕೊಟ್ಟರು. ಕೊಡಲು ಸಾಧ್ಯವಿತ್ತು ಎಂದಾಯಿತು. ಆದರೆ ಸೆಕ್ಯೂರಿಟಿ ಚೆಕ್ ಇವತ್ತಿಗೂ ಸಿಕ್ಕಿಲ್ಲ.

ಅಷ್ಟರಲ್ಲಿ ನಮ್ಮ ಫೀಲ್ಡ್ ಹುಡುಗರೊಬ್ಬರ ಫೋನ್. "ಮೇಡಮ್ಮಾರ, ನನ್ನ ಮಾರ್ಕ್ಸ್ ಕಾರ್ಡ್ ಕಪಾಟಿನ ಲಾಕರಿನ್ಯಾಗ ಇದ್ವಲ್ರಿ, ಬೆಳಗಾವಿಗೆ ಕಳಿಸ್ಯಾರೇನ್ರಿ?" ನನ್ನ ಎದೆ ಧಸಕ್ಕೆಂದಿತು. ವಸೂಲಿಗೆ ಹೋಗುವ ಹುಡುಗರನ್ನು ಸೇರಿಸಿಕೊಳ್ಳುವಾಗ ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಕೆಟ್ಟ ರೂಢಿ ಈ ಉದ್ಯಮದ ಕೆಲವು ಕಡೆ ಇದೆ. ನೋಡಿ ಅಲ್ಲೇ ವಾಪಸ್ ಕೊಡಬೇಕಾದ ಕಾಗದಗಳನ್ನು ಹಿಡಿದಿಟ್ಟುಕೊಳ್ಳುವುದು ಹುಡುಗರ ಕಾಲಿಗೆ ಬೇಡಿ ಹಾಕಿದಂತೆಯೇ. ಲಾಕರಿನ ಬೀಗದಕೈ ಮ್ಯಾನೇಜರರ ಬಳಿ ಇರುತ್ತಿತ್ತು. ಅವರಿಗೆ ಅಷ್ಟರಲ್ಲೇ ಬೇರೆ ಊರಿಗೆ ವರ್ಗವಾಗಿತ್ತು. ಅಡ್ಮಿನ್ ಅಧಿಕಾರಿ ಲಾಕರ್ ತೆರೆಸದೆ ಕಪಾಟನ್ನೇ ಮಾರಿದ್ದರು.

ನಾನು ಮತ್ತು ಆ ಹುಡುಗ ಗುಜರಿ ಅಂಗಡಿ ಹುಡುಕಿಕೊಂಡು ಹೋದೆವು. ಅಂಗಡಿಯವರು ಒಳ್ಳೆಯವರು. ಕೂರಿಸಿ ಚಹಾ ಕೊಟ್ಟು, ಉಳಿದ ರದ್ದಿ ಚೀಲಗಳನ್ನೆಲ್ಲ ನಮ್ಮೆದುರೇ ಸುರಿದರು. ಕಪಾಟುಗಳು ಆಗಲೇ ಮಾರಾಟವಾಗಿದ್ದವು, ಕಾಗದದ ಬಹುಪಾಲನ್ನು ಒತ್ತಿ ಬೇಲ್ (ದೊಡ್ಡ ಗಂಟು) ಕಟ್ಟಿ ಸಾಗಿಸಿಯಾಗಿತ್ತು. ಉಳಿದ ರಾಶಿಯಲ್ಲಿ ನನಗೆ ಸಿಕ್ಕದ್ದು ನಮ್ಮ ಗಿರಾಕಿಗಳ ಆಧಾರ್ ಜೆರಾಕ್ಸ್‌ಗಳು, ಶಾಖೆಯ ಖಾಲಿ ಲೆಟರ್‌ಹೆಡ್‌ಗಳು, ಅರ್ಧ ಬಳಸಿದ ರಸೀದಿ ಪುಸ್ತಕ. ಅಂಕಪಟ್ಟಿ ಸಿಗಲಿಲ್ಲ. ಆ ಹುಡುಗ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಓದಿದ ಹೈಸ್ಕೂಲಿನ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೂ, ಡಿಗ್ರಿಗಾಗಿ ಧಾರವಾಡದ ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕಾಯಿತು. ಹೊಸ ಕೆಲಸಕ್ಕೆ ಕರೆದವರು ಮೂಲ ಪ್ರತಿ ತೋರಿಸಿ ಎಂದರು. ಕಾಯುವುದಿಲ್ಲ ಎಂದೂ ಹೇಳಿದರು.

ರಸೀದಿ ಪುಸ್ತಕದ ಸಂಗತಿಯನ್ನು ಒತ್ತಿ ಹೇಳಬೇಕು. ಸಿಕ್ಕದ್ದು ಒಂದು, ಹೊರಗೆ ಹೋದವು ಎಷ್ಟೋ. ಶಾಖೆ ಮುಚ್ಚಿದ ಮೇಲೂ ನವಲಗುಂದ ಕಡೆಯ ಒಂದೆರಡು ಊರುಗಳಲ್ಲಿ ನಮ್ಮ ಹಳೇ ರಸೀದಿ ಹರಿದು ಕೊಟ್ಟು ನಗದು ಕಂತು ವಸೂಲಿಯಾಗಿದೆ. ಯಾರು ಮಾಡಿದ್ದು ಎಂದು ಪೊಲೀಸರು ಹೇಳಬೇಕು, ನಾನು ಊಹಿಸುವುದಿಲ್ಲ. ಊರಿನವರು ಕಂಪನಿಯ ಸೀಲು ಇರುವ ರಸೀದಿ ನೋಡಿ ಹಣ ಕೊಟ್ಟಿದ್ದಾರೆ. ಕಂಪನಿ "ಆ ರಸೀದಿ ಪುಸ್ತಕಗಳು ರದ್ದಾಗಿವೆ, ನಮ್ಮ ಲೆಕ್ಕಕ್ಕೆ ಹಣ ಬಂದಿಲ್ಲ" ಎನ್ನುತ್ತಿದೆ. ರದ್ದಾದದ್ದನ್ನು ಗಿರಾಕಿಗಳಿಗೆ ಹೇಳಿದವರು ಯಾರು? ಬಾಗಿಲಿಗೆ ಅಂಟಿಸಿದ್ದ ಒಂದೇ ಒಂದು ನೋಟಿಸು ಇಂಗ್ಲಿಷಿನಲ್ಲಿತ್ತು.

ಆದ್ದರಿಂದ ಶಾಖೆಯಲ್ಲಿ ಇರುವವರೇ, ಗುಜರಿ ಗಾಡಿ ಬರುವ ಮೊದಲು ರಬ್ಬರ್ ಸ್ಟಾಂಪು, ಲೆಟರ್‌ಹೆಡ್, ರಸೀದಿ ಪುಸ್ತಕ, ಖಾಲಿ ಅಗ್ರಿಮೆಂಟುಗಳನ್ನು ನಂಬರ್ ಸಮೇತ ಬರೆದು ಹೆಡ್ ಆಫೀಸಿಗೆ ಒಪ್ಪಿಸಿ, ಸ್ವೀಕೃತಿ ಪಡೆಯಿರಿ. ಪ್ರತಿ ಲಾಕರನ್ನೂ ಇಬ್ಬರ ಎದುರು ತೆರೆಸಿ. ಮಾಲು ಹೊರಗೆ ಹೋಗುವಾಗ ಗೇಟ್ ಪಾಸ್ ಬರೆಯಿಸಿ, ಗಾಡಿ ನಂಬರ್ ಸಮೇತ. ನಮ್ಮಲ್ಲಿ ಗೇಟ್ ಪಾಸ್ ಇಲ್ಲದ ಕಾರಣ, ಲೆಕ್ಕಕ್ಕೆ ಸಿಗದ ಲ್ಯಾಪ್‌ಟಾಪುಗಳ ಬೆಲೆಯನ್ನು ನನ್ನ ಸಹೋದ್ಯೋಗಿಯೊಬ್ಬರ ಕೊನೆಯ ಸಂಬಳದಲ್ಲಿ ಮುರಿದುಕೊಂಡರು. ಅವು ಆ ಲಾಟಿನಲ್ಲೇ ಹೋದವು ಎಂದು ನಮಗೆಲ್ಲ ಗೊತ್ತು, ತೋರಿಸಲು ಕಾಗದವಿಲ್ಲ.

ಕಂಪ್ಯೂಟರುಗಳನ್ನು ಹಾರ್ಡ್ ಡಿಸ್ಕ್ ಸಮೇತ ಕೊಟ್ಟದ್ದೂ ಅಷ್ಟೇ ಭಯದ ವಿಷಯ. ಫಾರ್ಮ್ಯಾಟ್ ಹೊಡೆದರೆ ಸಾಕು ಎಂಬುದು ತಪ್ಪು ತಿಳಿವಳಿಕೆ, ಬರೀ ಫಾರ್ಮ್ಯಾಟ್ ಆದ ಡಿಸ್ಕಿನಿಂದ ಬಹಳಷ್ಟು ಮಾಹಿತಿಯನ್ನು ಮರಳಿ ತೆಗೆಯಬಹುದು. ಡಿಸ್ಕ್ ಬಿಚ್ಚಿಸಿ ಹೆಡ್ ಆಫೀಸಿಗೆ ಕಳಿಸಿ, ಇಲ್ಲವೇ ನಾಶ ಮಾಡಿಸಿ ಪ್ರಮಾಣಪತ್ರ ಪಡೆಯಿರಿ. ಬೆರಳಚ್ಚಿನ ಹಾಜರಾತಿ ಯಂತ್ರ, ಸಿಸಿಟಿವಿ ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆ, ಬಾಡಿಗೆಗೆ ತಂದ ದೊಡ್ಡ ಜೆರಾಕ್ಸ್ ಯಂತ್ರ, ಇವನ್ನು ಯಾರೂ ನೆನಪಿಡುವುದಿಲ್ಲ. ಇವುಗಳಲ್ಲೂ ಮಾಹಿತಿ ಉಳಿದಿರುತ್ತದೆ. ಗಿರಾಕಿಗಳ ಮಾಹಿತಿಗೆ ತಕ್ಕ ಭದ್ರತೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುತ್ತದೆ. ಹೆಡ್ ಆಫೀಸಿಗೆ ಬರೆಯುವ ಇಮೇಲಿನಲ್ಲಿ ಈ ಸಾಲನ್ನು ಸೇರಿಸಿ, ಓದುವವರು ಓದುತ್ತಾರೆ. ಹಳೇ ಕಂಪ್ಯೂಟರುಗಳನ್ನು ಕೊಡಬೇಕಾದದ್ದು 2022ರ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತ ಮರುಬಳಕೆದಾರರಿಗೆ.

ಇನ್ನು ನಮ್ಮ ಹಕ್ಕಿನ ಹಣ. ಆಫೀಸ್ ಇಮೇಲ್ ಒಂದು ದಿನ ಹೇಳದೆ ಕೇಳದೆ ಬಂದ್ ಆಗುತ್ತದೆ, ಅದಕ್ಕೂ ಮೊದಲು ಪೇ ಸ್ಲಿಪ್, ಫಾರಂ 16, ನೇಮಕಾತಿ ಪತ್ರ ಇಳಿಸಿಕೊಳ್ಳಿ. ಹಣ ಬರುವ ಮೊದಲೇ "ಯಾವ ಬಾಕಿಯೂ ಇಲ್ಲ" ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ನಮ್ಮಲ್ಲಿ ರಿಲೀವಿಂಗ್ ಲೆಟರ್ ಬೇಕಾದರೆ ಮೊದಲು ಸಹಿ ಹಾಕಿ ಎಂದರು, ಸಹಿ ಹಾಕಿದವರ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಹಣ) ತಿಂಗಳುಗಟ್ಟಲೆ ತಡವಾಯಿತು. 5 ವರ್ಷ ಸೇವೆ ಪೂರೈಸಿದ್ದರೆ ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಬರುವುದು ಗ್ರಾಚ್ಯುಟಿ. 30 ದಿನಗಳೊಳಗೆ ಕೊಡಬೇಕು, ಮೀರಿದರೆ ಬಡ್ಡಿ ಸಮೇತ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ತುಂಬದಿದ್ದರೆ ಹಣ ತೆಗೆಯುವಾಗ ತೊಡಕಾಗುತ್ತದೆ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಪಿಎಫ್‌ನವರ ಯುಎಎನ್ (ಪಿಎಫ್ ಸದಸ್ಯರ ನಂಬರ್) ಪೋರ್ಟಲಿನಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಅದನ್ನು ತುಂಬಬಹುದು.

ಕಸ ಗುಡಿಸುತ್ತಿದ್ದ ಅಕ್ಕ, ರಾತ್ರಿ ಕಾವಲಿಗಿದ್ದ ಅಜ್ಜ ಏಜೆನ್ಸಿಯ ಕಡೆಯವರು. ಅವರನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕೆಂಬುದು ಕಾನೂನು. ಅವರ ಪರವಾಗಿ ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಬರೆದುಕೊಡುವುದು ಓದು ಬರಹ ಬಲ್ಲ ನಮ್ಮ ಕೆಲಸ. ನಾವು ಕೆಲವರು ಸೇರಿ ಬರೆದೆವು, ಅವರಿಗೆ ಬಾಕಿ ಸಂಬಳ ಬಂತು.

ಮುಚ್ಚಿದ ಶಾಖೆಯ ಗಿರಾಕಿಗಳು ನೀವಾಗಿದ್ದರೆ: ನಗದು ಕಂತನ್ನು ಯಾರ ಕೈಗೂ ಕೊಡಬೇಡಿ, ಪರಿಚಯದ ಮುಖವೇ ಆಗಿದ್ದರೂ. ಕಂಪನಿಯ ಖಾತೆಗೆ ನೇರವಾಗಿ ಕಟ್ಟಿ. ಸಾಲ ಮುಗಿದಿದ್ದು ಚೆಕ್ ವಾಪಸ್ ಬಂದಿಲ್ಲವಾದರೆ, ನಿಮ್ಮ ಬ್ಯಾಂಕಿಗೆ ಇವತ್ತೇ ಹೋಗಿ ಆ ಚೆಕ್ ನಂಬರುಗಳಿಗೆ ಸ್ಟಾಪ್ ಪೇಮೆಂಟ್ (ಹಣ ಕೊಡಬೇಡಿ ಎಂಬ ಸೂಚನೆ) ಬರೆದುಕೊಡಿ, ಖಾತೆಯಿಂದ ಕಂತು ಮುರಿಯಲು ಕೊಟ್ಟ ಒಪ್ಪಿಗೆಯನ್ನೂ ರದ್ದು ಮಾಡಿಸಿ. ಕಂಪನಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಗಿರಾಕಿಗಳ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ದೂರಬಹುದು. ಖರ್ಚಿಲ್ಲ, ವಕೀಲರೂ ಬೇಕಿಲ್ಲ. ದೂರು ಕೊಡುವ ವಿಧಾನ ಕೇಳಲು 14448ಕ್ಕೆ ಫೋನ್ ಮಾಡಿ.

ಹುಬ್ಬಳ್ಳಿ-ಧಾರವಾಡದ ಗುಜರಿ ಮತ್ತು ರದ್ದಿ ಅಂಗಡಿಯ ಅಣ್ಣಂದಿರಲ್ಲೂ ಕೇಳಿಕೊಳ್ಳುತ್ತೇನೆ. ಯಾವುದೇ ಆಫೀಸಿನ ಲಾಟ್ ಕೊಂಡಾಗ ಅದರಲ್ಲಿ ಅಂಕಪಟ್ಟಿ, ಸಹಿ ಇರುವ ಚೆಕ್, ಆಸ್ತಿ ಕಾಗದ ಕಂಡರೆ ಬೇಲ್ ಕಟ್ಟುವ ಮೊದಲು ತೆಗೆದಿಟ್ಟು ಹತ್ತಿರದ ಠಾಣೆಗೆ ಒಪ್ಪಿಸಿ. ನಮ್ಮ ಶಾಖೆಯಿಂದ ಹೋದ ಕಪಾಟುಗಳು ಬೂದು ಬಣ್ಣದ ನಾಲ್ಕು ಖಾನೆಯವು, ಒಳಗೆ ಚಿಕ್ಕ ಲಾಕರ್ ಇದೆ. ಅಂಥದ್ದನ್ನು ಯಾರಾದರೂ ಇತ್ತೀಚೆಗೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದು ಲಾಕರ್ ಇನ್ನೂ ತೆರೆಯದೆ ಇದ್ದರೆ, ದಯವಿಟ್ಟು ಒಮ್ಮೆ ತೆರೆಸಿ ನೋಡಿ.