ಟೋಯಿಂಗ್ ಗಾಡಿಗೆ ಡ್ಯಾಶ್‌ಕ್ಯಾಮ್: ಎರಡು ಮಳೆಗಾಲ ಕಳೆದ ಮೇಲೆ

ಸಕಲೇಶಪುರದಲ್ಲಿ ನನ್ನದೊಂದು ಟೋಯಿಂಗ್ ಗಾಡಿ ಇದೆ. ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ಕಾರುಗಳನ್ನು ಫ್ಲಾಟ್‌ಬೆಡ್ ಮೇಲೆ, ಎಂದರೆ ಹಿಂದಕ್ಕೆ ಜಾರಿ ಇಳಿಯುವ ಚಪ್ಪಟೆ ಹಾಸಿನ ಮೇಲೆ, ಹತ್ತಿಸಿ ಹಾಸನಕ್ಕೋ ಮಂಗಳೂರಿಗೋ ಮುಟ್ಟಿಸುವುದು ಕೆಲಸ. ಗುಂಡ್ಯದಿಂದ ಮಾರನಹಳ್ಳಿ ಕಡೆಗಿನ ಏರಿನಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರದ ಭಾನುವಾರ ಕಡಿಮೆ. 2024ರ ಮೇ ತಿಂಗಳಲ್ಲಿ ಗಾಡಿಗೆ ಡ್ಯಾಶ್‌ಕ್ಯಾಮ್, ಎಂದರೆ ಗಾಡಿ ಓಡುವಾಗ ತಾನೇ ವಿಡಿಯೋ ಮಾಡುತ್ತಿರುವ ಕ್ಯಾಮೆರಾ, ಹಾಕಿಸಿದೆ. ಮುಂದೆ ಒಂದು, ಹಿಂದೆ ಒಂದು. ಎರಡು ಮಳೆಗಾಲ ನೋಡಿ ಆಯ್ತು, ಈಗ ಬರೆಯಬಹುದು ಅನ್ನಿಸಿತು.

ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ತೊಂದರೆಗಳು ಒಂದು ಕಂಪನಿಯವು ಅಲ್ಲ. ಎಷ್ಟು ಪಿಕ್ಸೆಲ್, ಎಷ್ಟು ಅಗಲ ಕಾಣುತ್ತದೆ ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತದೆ, ನೀವು ಓದಿರುತ್ತೀರಿ. ಇನ್ನೊಂದು ಗಾಡಿಯನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುವವರಿಗೆ ಬೇಕಾದ ಮಾತು ಮಾತ್ರ ಆ ಡಬ್ಬದ ಮೇಲೆ ಇರುವುದಿಲ್ಲ.

ತಗೊಂಡಿದ್ದಕ್ಕೆ ಕಾರಣ ಒಂದು ಬಂಪರ್. ಅದರ ಹಿಂದಿನ ವರ್ಷ ಘಾಟಿಯಿಂದ ಒಂದು ಕಾರು ಎತ್ತಿ ಹಾಸನದ ಶೋರೂಮಿಗೆ ಇಳಿಸಿದ್ದೆ. ಇಳಿಸಿದ ಮೇಲೆ ಯಜಮಾನರು ಬಗ್ಗಿ ನೋಡಿದರು. ಬಂಪರಿನ ಕೆಳತುಟಿ ಬಿರುಕು ಬಿಟ್ಟಿತ್ತು. "ನಿಮ್ಮ ರ‍್ಯಾಂಪ್‌ಗೆ ತಾಗಿದ್ದು ಇದು" ಅಂದರು. ನಾನು ಚಕ್ರದ ಕೆಳಗೆ ಹಲಗೆ ಕೊಟ್ಟೇ ಹತ್ತಿಸಿದ್ದೆ. ಆ ಬಿರುಕಿನ ಒಳಗೆ ಒಣಗಿದ ಕೆಂಪು ಮಣ್ಣಿತ್ತು, ಎಂದರೆ ಹಳೆಯದು. ಹೇಳಿದರೆ ಯಾರು ಕೇಳುತ್ತಾರೆ? ಬಾಡಿಗೆ ನಾಲ್ಕೂವರೆ ಸಾವಿರ, ನಾನು ಕೊಟ್ಟಿದ್ದು ಏಳು ಸಾವಿರ. ಆ ರಾತ್ರಿ ಬಾಳ್ಳುಪೇಟೆ ದಾಟುವವರೆಗೂ ಗಾಡಿಯಲ್ಲಿ ಒಂದು ಮಾತಾಡಲಿಲ್ಲ. ಜೊತೆಗಿದ್ದ ನಮ್ಮ ಹುಡುಗನೇ "ಅಣ್ಣಾ, ಒಂದು ಕ್ಯಾಮೆರಾ ಹಾಕ್ಸೋಣ" ಅಂದ.

ಕ್ಯಾಮೆರಾಗೆ ಒಂಬತ್ತು ಸಾವಿರದ ಇನ್ನೂರು ಆಯ್ತು. ಅಂಗಡಿಯವರು ಹಿಂದಿನ ಕ್ಯಾಮೆರಾವನ್ನು ಕ್ಯಾಬಿನ್ನಿನ ಹಿಂದಿನ ಗಾಜಿಗೆ ಅಂಟಿಸಿ ಕೊಟ್ಟರು. ಖಾಲಿ ಗಾಡಿಯಲ್ಲಿ ಬೆಡ್ ಪೂರ್ತಿ ಕಾಣುತ್ತಿತ್ತು. ಖುಷಿಯಾಯಿತು. ಮಾರನೇ ದಿನ ಒಂದು ಎಸ್‌ಯುವಿ ಹತ್ತಿಸಿದೆವು. ಸ್ಕ್ರೀನಿನ ತುಂಬ ಅದರ ಬಾನೆಟ್. ಹಿಂದೆ ಬರುವ ಲಾರಿ ಇಲ್ಲ, ರಸ್ತೆ ಇಲ್ಲ, ಚಕ್ರಕ್ಕೆ ಕಟ್ಟಿದ ಸ್ಟ್ರಾಪ್ ಇಲ್ಲ. ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ ನನ್ನ ಹತ್ತಿರ ಇರುವ ಸಾಕ್ಷಿ ಒಂದು ಬಾನೆಟ್‌ನ ವಿಡಿಯೋ. ಟ್ರೇಲರ್ ಎಳೆಯುವವರಿಗೂ ಇದೇ ಗತಿ. ನನ್ನ ತಂಗಿಯ ಗಂಡ ಮೆಲ್ಬರ್ನ್‌ನಲ್ಲಿದ್ದಾರೆ, ರಜೆಯಲ್ಲಿ ಕಾರಿಗೆ ಕ್ಯಾರವಾನ್ ಅನ್ನೋ ಚಕ್ರದ ಮನೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಅವರ ಹಿಂದಿನ ಕ್ಯಾಮೆರಾದಲ್ಲಿ ಬರೀ ಒಂದು ಬಿಳಿ ಗೋಡೆ ಕಾಣುತ್ತದಂತೆ. ಎಳೆಯುವ ಗಾಡಿಯ ಹಿಂದಿನ ಗಾಜಿಗೆ ಕ್ಯಾಮೆರಾ ಹಾಕಿಸಿ ದುಡ್ಡು ಕಳೆಯಬೇಡಿ. ಹಾಕಿದರೆ ಬಾಲದ ತುದಿಗೇ ಹಾಕಬೇಕು.

ನಾನು ಹಾಗೇ ಮಾಡಿಸಿದೆ. ನೀರು ಹೋಗದ ಕ್ಯಾಮೆರಾ, ಉದ್ದದ ಕೇಬಲ್, ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸಣ್ಣ ಕಬ್ಬಿಣದ ಗೂಡು. ಕೇಬಲ್ಲನ್ನು ಚಾಸಿ ಪಕ್ಕದಲ್ಲಿ ಪೈಪಿನೊಳಗೆ ತೂರಿಸಿ, ಬೆಡ್ ಜಾರುವ ಜಾಗದಲ್ಲಿ ಒಂದು ಸುತ್ತು ಸಡಿಲ ಬಿಡಿಸಿದೆ. ಮೊದಲ ಸಲ ಸಡಿಲ ಬಿಡದೆ ಬೆಡ್ ಹಿಂದೆ ಜಾರಿದಾಗ ವೈರು ಪಟ್ಟನೆ ಕಿತ್ತು ಬಂದಿತ್ತು. ವೈರೇ ಇಲ್ಲದ ವೈಫೈ ಕ್ಯಾಮೆರಾವನ್ನೂ ಎರಡು ವಾರ ಹಾಕಿ ನೋಡಿದೆ. ಮೇಲೆ ಕಾರು ಇದ್ದಾಗ, ಅಷ್ಟು ಕಬ್ಬಿಣದ ನಡುವೆ, ಚಿತ್ರ ನಿಂತು ನಿಂತು ಬರುತ್ತಿತ್ತು. ವಾಪಸ್ ಕೊಟ್ಟೆ.

ಇಷ್ಟೆಲ್ಲ ಮಾಡಿದ ಮೇಲೂ ಬೇಕಾದ ಹೊತ್ತಿಗೆ ಅದು ಕೈಕೊಟ್ಟಿತು.

2024ರ ಜುಲೈನಲ್ಲಿ ದೊಡ್ಡತಪ್ಲು ಹತ್ತಿರ ಗುಡ್ಡ ಜರಿದಿತ್ತು. ರಸ್ತೆ ಮೇಲೆ ಕೆಸರು, ಗಾಡಿಗಳು ಸಿಕ್ಕಿಬಿದ್ದಿದ್ದವು. ಆ ವಾರ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಒಂದು ಕಾರು ಇಳಿಸಿದ ಮಾರನೇ ದಿನ ಫೋನ್ ಬಂತು: ಹಿಂದಿನ ಡೋರಿನಲ್ಲಿ ಗೀರಿದೆ, ನೀವೇ ಮಾಡಿದ್ದು. ನನಗೆ ಒಂದು ಚೂರೂ ಭಯ ಆಗಲಿಲ್ಲ. ಕ್ಯಾಮೆರಾ ಇದೆಯಲ್ಲ! ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ ಆ ಹೊತ್ತಿನ ವಿಡಿಯೋನೇ ಇಲ್ಲ. ಅಳಿಸಿಹೋಗಿತ್ತು.

ಆಮೇಲೆ ಕೂತು ಅರ್ಥ ಮಾಡಿಕೊಂಡೆ. ಕ್ಯಾಮೆರಾ ಮೂರು ಮೂರು ನಿಮಿಷದ ತುಂಡುಗಳಾಗಿ ವಿಡಿಯೋ ಮಾಡುತ್ತದೆ. ಕಾರ್ಡ್ ತುಂಬಿದರೆ ಹಳೆಯ ತುಂಡಿನ ಮೇಲೆ ಹೊಸದನ್ನು ಬರೆಯುತ್ತದೆ. ಒಳಗೆ ಜಿ-ಸೆನ್ಸರ್ ಅಂತ ಒಂದಿದೆ. ಗಾಡಿಗೆ ಧಡ್ ಅಂತ ಏಟು ಬಿದ್ದರೆ ಅಪಘಾತ ಆಯ್ತು ಅಂದುಕೊಂಡು ಆ ತುಂಡನ್ನು ಬೀಗ ಹಾಕಿ ಇಡುತ್ತದೆ, ಅಳಿಸುವುದಿಲ್ಲ. ಮನೆ ಕಾರಿಗೆ ಇದು ಸರಿ. ನನ್ನ ಗಾಡಿಯಲ್ಲಿ ರ‍್ಯಾಂಪ್ ಇಳಿದರೆ ಏಟು, ಕಾರನ್ನು ಮೇಲಕ್ಕೆ ಎಳೆಯುವ ವಿಂಚ್ ರೋಪ್ ಬಿಗಿದರೆ ಏಟು, ಕಾರಿನ ಚಕ್ರ ಬೆಡ್ ಮೇಲೆ ಕೂತರೆ ಏಟು. ಹಾಸನದ ಕಡೆ ರಸ್ತೆ ಕೆಲಸದ ಗುಂಡಿಗಳು ಬೇರೆ. ಕಾರ್ಡಿನ ಮುಕ್ಕಾಲು ಪಾಲು ಬೀಗ ಹಾಕಿದ ತುಂಡುಗಳೇ. ಉಳಿದ ಸ್ವಲ್ಪ ಜಾಗದಲ್ಲಿ ಗಂಟೆ ಎರಡು ಗಂಟೆಗೆ ಒಂದು ಸಲ ಎಲ್ಲ ಅಳಿಸಿ ಮತ್ತೆ ಬರೆಯುತ್ತಿತ್ತು. ಡ್ಯಾಶ್‌ಕ್ಯಾಮ್ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇಷ್ಟಿಷ್ಟಲ್ಲ. ಆ ಸಲವೂ ಮೂರು ಸಾವಿರ ಕೊಟ್ಟೆ.

ಸೆನ್ಸರನ್ನು ತೀರಾ ಕಡಿಮೆಗೆ ಇಳಿಸಿದೆ. 128 ಜಿಬಿಯ ಹೈ ಎಂಡ್ಯೂರೆನ್ಸ್ ಕಾರ್ಡ್ ಹಾಕಿದೆ. ಮೊಬೈಲಿಗೆ ಹಾಕುವ ಸಾದಾ ಕಾರ್ಡ್ ಹೀಗೆ ದಿನವಿಡೀ ಬರೆದು ಅಳಿಸುವುದಕ್ಕೆ ಮಾಡಿದ್ದಲ್ಲ, ನನ್ನ ಮೊದಲನೆಯದು ಐದೇ ತಿಂಗಳಿಗೆ ಸತ್ತಿತು. ಈಗ ಎರಡೂ ಕ್ಯಾಮೆರಾ ಸೇರಿ ಎಂಟು ಗಂಟೆಯಷ್ಟು ಹಿಡಿಯುತ್ತದೆ. ತಿಂಗಳ ಒಂದನೇ ತಾರೀಕು ಕಾರ್ಡ್ ಫಾರ್ಮ್ಯಾಟ್ ಮಾಡುತ್ತೇನೆ. ಕಾರು ಇಳಿಸಿದ ತಕ್ಷಣ, ಸಹಿ ಹಾಕಿಸಿಕೊಳ್ಳುವ ಮುಂಚೆ, ಹತ್ತಿಸಿದ ಹತ್ತು ನಿಮಿಷದ ವಿಡಿಯೋ ಮೊಬೈಲಿಗೆ ಇಳಿಸಿಕೊಳ್ಳುತ್ತೇನೆ.

ಈ ಹತ್ತು ನಿಮಿಷಕ್ಕೇ ನಾನು ಕ್ಯಾಮೆರಾ ಇಟ್ಟುಕೊಂಡಿರುವುದು. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಬೆಳಿಗ್ಗೆ ಆರಕ್ಕೆ ಗಾಡಿ ಹತ್ತಿರ ಹೋದರೆ ಮೊದಲ ಕೆಲಸ ಬಾಲದ ಕ್ಯಾಮೆರಾ ಒರೆಸುವುದು. ಅಪ್ಪನ ಹಳೇ ಪಂಚೆಯ ಒಂದು ತುಂಡು ಅದಕ್ಕೇ ಅಂತ ಇಟ್ಟಿದ್ದೇನೆ, ಒಗೆದು ಒಗೆದು ಹತ್ತಿಯಂತೆ ಆಗಿದೆ. ಮೊದಲು ನೀರು ಚಿಮುಕಿಸಿ ಮಣ್ಣು ನೆನೆಯಲು ಬಿಡಬೇಕು. ಒಣಗಿದ ಮಣ್ಣನ್ನು ಹಾಗೇ ಉಜ್ಜಿದರೆ ಗಾಜಿಗೆ ಗೆರೆ ಬೀಳುತ್ತದೆ. ಆಮೇಲೆ ಪಂಚೆ ತುಂಡಿನಿಂದ ಒಂದೇ ಕಡೆಗೆ ಮೆಲ್ಲಗೆ. ಮಳೆಗಾಲದಲ್ಲಿ ಪ್ರತಿ ಟ್ರಿಪ್ಪಿಗೂ ಇದು ಆಗಲೇಬೇಕು. ನಂತರ ಕ್ಯಾಬಿನ್ ಹತ್ತಿ ಕೆಂಪು ದೀಪ ಮಿಣುಕುತ್ತಿದೆಯಾ ನೋಡುತ್ತೇನೆ, ಸ್ಕ್ರೀನಿನ ಗಡಿಯಾರವನ್ನು ಮೊಬೈಲಿನ ಜೊತೆ ತಾಳೆ ನೋಡುತ್ತೇನೆ. ತಾರೀಕು ತಪ್ಪಿದ್ದರೆ ವಿಡಿಯೋಗೆ ಬೆಲೆ ಇಲ್ಲ.

ಕೆಟ್ಟ ಕಾರಿನ ಹತ್ತಿರ ಹೋದ ಮೇಲೆ ಬೆಡ್ ಇಳಿಸುವ ಮುಂಚೆ ನನ್ನ ಗಾಡಿಯ ಬಾಲವನ್ನು ಆ ಕಾರಿನ ಮುಖಕ್ಕೆ ನೇರ ನಿಲ್ಲಿಸುತ್ತೇನೆ. ಗಾಡಿಯ ಹಿಂಭಾಗದಲ್ಲಿರುವ ಕೆಲಸದ ಲೈಟ್ ಹಾಕುತ್ತೇನೆ. ಆಮೇಲೆ ಕಾರಿನವರನ್ನು ಜೊತೆಗೆ ಕರೆದುಕೊಂಡು ಸುತ್ತು ಬರುತ್ತೇನೆ. ಒಂದು ಕೈಯಲ್ಲಿ ಮೊಬೈಲ್ ವಿಡಿಯೋ, ಇನ್ನೊಂದು ಕೈಯ ಬೆರಳು ಕಾರಿನ ಮೇಲೆ. ಎಲ್ಲಿ ಗೀರು ಸಿಕ್ಕಿತೋ ಅಲ್ಲಿ ಬೆರಳಿಟ್ಟು ನಿಲ್ಲುತ್ತೇನೆ. "ಸರ್, ಇದು ಹಳೇದಾ?" ಮೊದಲ ಒಂದೆರಡು ಗೀರಿಗೆ ಜನರಿಗೆ ಮುಜುಗರ ಆಗುತ್ತದೆ. ಮೂರನೆಯದಕ್ಕೆ ಅವರೇ ಮುಂದೆ ಬರುತ್ತಾರೆ. "ಇದು ಹೋದ ದೀಪಾವಳಿಗೆ ನಮ್ಮ ಗೇಟಿಗೆ ತಾಗಿದ್ದು", "ಇದು ಮಗಳು ಸೈಕಲ್ ಒರಗಿಸಿದ್ದು". ನಡುರಸ್ತೆಯಲ್ಲಿ, ಮಂಜಿನಲ್ಲಿ, ಗಾಬರಿಯಲ್ಲಿ ನಿಂತ ಜನ ಆ ಎರಡು ನಿಮಿಷ ತಮ್ಮ ಕಾರಿನ ಕಥೆ ಹೇಳುತ್ತಾರೆ. ಅಷ್ಟರಲ್ಲಿ ಉಸಿರಾಟ ಒಂದು ಹದಕ್ಕೆ ಬಂದಿರುತ್ತದೆ. ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ.

ಮುಂದಿನದ್ದನ್ನೆಲ್ಲ ಬಾಲದ ಕ್ಯಾಮೆರಾ ನೋಡಿಕೊಳ್ಳುತ್ತದೆ. ಬಂಪರಿನ ಸಣ್ಣ ಮುಚ್ಚಳ ತೆಗೆದು, ಕಾರು ಎಳೆಯಲು ಬೇಕಾದ ಟೋ ಹುಕ್ ತಿರುಗಿಸುವುದು, ಗೇರ್ ನ್ಯೂಟ್ರಲ್ ಆದ ಮೇಲೆ ಚಕ್ರ ಸಲೀಸಾಗಿ ಉರುಳುವುದು, ಹಲಗೆ ಮೇಲೆ ಬಂದಾಗ ಕೆಳತುಟಿಗೂ ರ‍್ಯಾಂಪ್‌ಗೂ ನಡುವೆ ಉಳಿದ ಎರಡು ಬೆರಳು ಜಾಗ. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳ ಟೋ ಹುಕ್ ಉಲ್ಟಾ ತಿರುಗುತ್ತದೆ, ಎಡಕ್ಕೆ ಬಿಗಿಯಬೇಕು. ಗೊತ್ತಿಲ್ಲದವರು ಬಲಕ್ಕೆ ತಿರುಗಿಸಿ ಥ್ರೆಡ್ ಹಾಳು ಮಾಡಿಟ್ಟಿರುತ್ತಾರೆ. ಅಂಥದ್ದು ಸಿಕ್ಕಿದರೆ ಕ್ಯಾಮೆರಾ ಕಡೆ ಹಿಡಿದು ತೋರಿಸಿಯೇ ಮುಂದಿನ ಕೆಲಸ. ಕಾರ್ಡ್ ಬದಲಾಯಿಸಿದ ಮೇಲೆ ನಾಲ್ಕು ಸಲ ತಕರಾರು ಬಂದಿದೆ. ನಾಲ್ಕು ಸಲವೂ ವಿಡಿಯೋ ತೋರಿಸಿದೆ. ಒಬ್ಬರು ಕ್ಷಮೆ ಕೇಳಿ ಚಹಾ ಕುಡಿಸಿದರು. ಒಂದು ಸಲ ತಪ್ಪು ನಮ್ಮದೇ ಇತ್ತು. ಸ್ಟ್ರಾಪಿನ ಕೊಕ್ಕೆ ಚಕ್ರದ ರಿಮ್ಮಿಗೆ ಉಜ್ಜಿದ್ದು ಸ್ಪಷ್ಟವಾಗಿ ಕಂಡಿತು. ದುಡ್ಡು ಕೊಟ್ಟೆ. ಅವತ್ತಿನಿಂದ ಕೊಕ್ಕೆಗೆ ರಬ್ಬರ್ ತೋಳು ಹಾಕುತ್ತಿದ್ದೇವೆ.

ಮುಂದಿನ ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಗಲಲ್ಲಿ ಚೆನ್ನಾಗಿದೆ. ರಾತ್ರಿ ಎದುರಿನ ಲಾರಿ ಹೆಡ್‌ಲೈಟ್ ಹಾಕಿಕೊಂಡು ಬಂದರೆ ನಂಬರ್ ಪ್ಲೇಟ್ ಕಾಣುವುದಿಲ್ಲ. ಆಗಸ್ಟ್ ಮಂಜಿನಲ್ಲಿ ನಮ್ಮ ತಲೆಮೇಲಿನ ಹಳದಿ ಲೈಟೇ ತಿರುಗಿ ಗಾಜಿಗೆ ಹೊಡೆದು ಎಲ್ಲ ಹಳದಿ ಹಳದಿ. ಲೋಡ್ ಇದ್ದಾಗ ನಾನು ಎಷ್ಟು ನಿಧಾನ ಇಳಿದೆ ಅಂತ ಜಿಪಿಎಸ್ ವೇಗ ಬರೆಯುತ್ತದಲ್ಲ, ಅದು ಉಪಯೋಗಕ್ಕೆ ಬಂದಿದೆ.

ಒಂದು ವಿಷಯ ಮಾತ್ರ ಮನಸ್ಸಿಗೆ ಕಷ್ಟ ಆಯ್ತು. ಮೈಕ್. ಕಾರು ಬೆಡ್ ಮೇಲಿದ್ದರೆ ಕಾರಿನವರು ನನ್ನ ಕ್ಯಾಬಿನ್ನಿನಲ್ಲಿ ಕೂರುತ್ತಾರೆ. ಒಂದು ಸಲ ಒಬ್ಬ ಹೆಣ್ಣುಮಗಳು ತಂದೆಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಕಾರು ನಿಂತುಹೋಗಿತ್ತು. ತಂದೆಯನ್ನು ಬೇರೆ ಕಾರಿನಲ್ಲಿ ಮುಂದೆ ಕಳಿಸಿ, ಅವರು ನಮ್ಮ ಜೊತೆ ಬಂದರು. ದಾರಿಯಲ್ಲಿ ಅಣ್ಣನಿಗೆ ಫೋನ್ ಮಾಡಿ ದುಡ್ಡಿನ ವಿಷಯ ಮಾತಾಡಿದರು, ಅತ್ತರು. ನಾನು ರಸ್ತೆ ನೋಡುತ್ತಾ ಸುಮ್ನೆ ಇದ್ದೆ. ವಾರದ ನಂತರ ಬೇರೆ ಏನೋ ಹುಡುಕುವಾಗ ಆ ಅಳು ನನ್ನ ಮನೆಯ ಲ್ಯಾಪ್‌ಟಾಪಿನಲ್ಲಿ ಕೇಳಿಸಿತು. ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು, "ಯಾರ‍್ರೀ ಅದು?" ಅಂತ. ಆ ಫೈಲ್ ಅಳಿಸಿದೆ. ಅವತ್ತೇ ಮೈಕ್ ಆಫ್ ಮಾಡಿದೆ, ಇವತ್ತಿಗೂ ಆಫ್. ಬಾಡಿಗೆಗೆ ಜನರನ್ನು ಕೂರಿಸಿಕೊಳ್ಳುವ ಎಲ್ಲರೂ ಇದನ್ನು ಆಫ್ ಮಾಡಿ ಅಂತ ಕೈಮುಗಿದು ಕೇಳುತ್ತೇನೆ.

ವೈರಿಂಗ್ ಬಗ್ಗೆ ಎರಡು ಮಾತು. ದೊಡ್ಡ ಲಾರಿಗಳದ್ದು ಎಷ್ಟೋ ಸಲ 24 ವೋಲ್ಟ್ ಇರುತ್ತದೆ, ಕ್ಯಾಮೆರಾವನ್ನು ಗಾಡಿಯ ಬ್ಯಾಟರಿಗೆ ಜೋಡಿಸುವ ಕಿಟ್ 12-24 ಎರಡಕ್ಕೂ ಆಗುವುದಾ ಕೇಳಿ ತಗೊಳ್ಳಿ. ನಿಂತಾಗಲೂ ನೋಡುವ ಪಾರ್ಕಿಂಗ್ ಮೋಡ್ ಬೇಕಾದರೆ ಬ್ಯಾಟರಿ ಇಳಿದಾಗ ತಾನೇ ಕಟ್ ಆಗುವ ಕಿಟ್ ಇರಲೇಬೇಕು. ವಿಂಚ್‌ಗೆ ಕರೆಂಟ್ ಬೇಕಾಗುವ ಗಾಡಿಯಲ್ಲಿ ಬ್ಯಾಟರಿ ಇಳಿದರೆ ಗತಿ ಏನು? ನಾನು ಪಾರ್ಕಿಂಗ್ ಮೋಡ್ ಬಳಸುವುದೇ ಇಲ್ಲ. ಬಿಸಿಲಿನಲ್ಲಿ ನಿಲ್ಲುವ ಗಾಡಿಗೆ ಒಳಗೆ ಲಿಥಿಯಂ ಬ್ಯಾಟರಿ ಇರುವುದಕ್ಕಿಂತ, ಅದರ ಬದಲು ಬಿಸಿ ತಡೆಯುವ ಸೂಪರ್ ಕೆಪಾಸಿಟರ್ ಇರುವ ಕ್ಯಾಮೆರಾ ಒಳ್ಳೆಯದು.

ವಿಷಯ ಪೊಲೀಸ್, ಕೋರ್ಟ್ ತನಕ ಹೋದರೆ ವಾಟ್ಸಾಪ್ ವಿಡಿಯೋ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ವಿಡಿಯೋ ಜೊತೆ ಪ್ರಮಾಣಪತ್ರ ಕೊಡಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 65ಬಿ ಸೆಕ್ಷನ್ ಆಗಿತ್ತು. ಅದಕ್ಕೇ ದೊಡ್ಡ ಏಟು ಏನಾದರೂ ಆದರೆ ಕಾರ್ಡನ್ನೇ ತೆಗೆದು ಕವರಿನಲ್ಲಿ ಇಟ್ಟುಬಿಡಿ, ಬೇರೆ ಕಾರ್ಡ್ ಹಾಕಿ. ಗಾಡಿಯಲ್ಲಿ ಇನ್ನೊಂದು ಕಾರ್ಡ್ ಯಾವಾಗಲೂ ಇರಲಿ.

ಕಾರ್ಡು, ಕಿಟ್, ಕೇಬಲ್, ವೆಲ್ಡಿಂಗ್ ಎಲ್ಲ ಸೇರಿ ನನಗೆ ಹದಿನಾಲ್ಕು ಸಾವಿರದ ಹತ್ತಿರ ಹೋಗಿದೆ. ವರ್ಷಕ್ಕೊಂದು ಸಲ ಟ್ರೇಲರ್ ಎಳೆಯುವವರಿಗೆ ಮುಂದಿನದೊಂದೇ ಸಾಕು, ಹಿಂದಿನದಕ್ಕೆ ಇಷ್ಟು ಖರ್ಚು ಬೇಡ. ದಿನಾ ಬೇರೆಯವರ ಗಾಡಿ ಹೊರುವವರು ಮೊದಲು ಬಾಲದ ಕ್ಯಾಮೆರಾ ಹಾಕಿಸಿ, ಮುಂದಿನದು ನಿಧಾನಕ್ಕೆ ಬರಲಿ.

ಒಂದು ಕೊರತೆ ಇನ್ನೂ ಇದೆ. ಕಾರು ಪೂರ್ತಿ ಮೇಲೆ ಬಂದ ಮೇಲೆ ಎಡಗಡೆಯ ಎರಡು ಚಕ್ರಕ್ಕೆ ಸ್ಟ್ರಾಪ್ ಬಿಗಿಯುವುದು ಯಾವ ಕ್ಯಾಮೆರಾದಲ್ಲೂ ಕಾಣುವುದಿಲ್ಲ. ಬೆಡ್‌ನ ಎಡಪಕ್ಕಕ್ಕೆ ಇನ್ನೊಂದು ಗೂಡು ಮಾಡಿಕೊಡಲು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ. ಬೇಸಿಗೆ ರಜೆ ಶುರುವಾಗುವ ಮುಂಚೆ ಹಾಕಿಸಬೇಕು.