ಮಹಾಸಭೆಗೆ ಮುಂಚಿನ ಪಾಠ: ಐದಕ್ಕೆ ಮೂರೂವರೆ

ಮಡಿಕೇರಿ ತಾಲೂಕಿನ ನಮ್ಮ ಕೃಷಿ ಪತ್ತಿನ ಸಹಕಾರ ಸಂಘದವರು ಈ ಸಲ ವಾರ್ಷಿಕ ಮಹಾಸಭೆಯ ದಿನ ಬೆಳಿಗ್ಗೆಯೇ ಸದಸ್ಯರ ಶಿಕ್ಷಣ ಕಾರ್ಯಕ್ರಮ ಇಟ್ಟಿದ್ದರು. "ಬಿಟ್ಟಿ ಕಾರ್ಯಕ್ರಮಕ್ಕೆ ಎಂಥ ವಿಮರ್ಶೆ ಅತ್ತಿಗೆ?" ಎಂದು ಮೈದುನ ನಕ್ಕ. ಬಿಟ್ಟಿ ಎಲ್ಲಿ ಬಂತು? ಸಂಘದ ನಿವ್ವಳ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಹಕಾರ ಶಿಕ್ಷಣ ನಿಧಿಗೆ ಹೋಗುತ್ತದೆ. ದುಡ್ಡು ನಮ್ಮದೇ, ಅಲ್ವಾ?

ಪಾಠಕ್ಕೆ ಬಂದವರು ಒಬ್ಬ ನಿವೃತ್ತ ಅಧಿಕಾರಿ. 1905, ರಾಜ್ಯದ ಮೊದಲ ಸಹಕಾರ ಸಂಘ ಹುಟ್ಟಿದ ಗದಗದ ಕಣಗಿನಹಾಳ, ಸಹಕಾರದ ಏಳು ತತ್ವ ಎಂದು ಶುರು ಮಾಡಿದರು. ಹಿಂದಿನ ಸಾಲಿನವರು ಕಾಫಿಗೆ ಎದ್ದರು. ಪ್ರತಿ ವರ್ಷ ಇದೇ ಭಾಷಣ, ಏಳದೆ ಏನು ಮಾಡುತ್ತಾರೆ!

ಆಮೇಲೆ ಅವರು ಒಂದು ಸಾಲದ ಲೆಕ್ಕವನ್ನು ಹೆಸರು ಮುಚ್ಚಿ ಪರದೆಗೆ ಹಾಕಿದರು. ಶೂನ್ಯ ಬಡ್ಡಿಯ ಬೆಳೆ ಸಾಲ. ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ, ದಾಟಿದರೆ ರಿಯಾಯಿತಿ ಹೋಯಿತು, ಸುಸ್ತಿದಾರ ಅನ್ನಿಸಿಕೊಳ್ಳುವುದು ಬೇರೆ. ರೇಟು ಏರಲಿ ಎಂದು ಕಾಫಿ ಚೀಲ ಮಾರದೆ ಇಟ್ಟುಕೊಂಡವರಿಗೆ ಇದು ಸರಿಯಾಗಿ ತಾಗಿತು. ಎದ್ದವರೂ ಬಂದು ಕೂತರು. ಅಡಾವೆ ಪತ್ರಿಕೆ, ಅಂದರೆ ಸಂಘದ ಆಸ್ತಿ-ಸಾಲದ ಪಟ್ಟಿ, ಓದುವುದನ್ನೂ ಹಾಗೇ ಸಾಲು ಸಾಲಾಗಿ ಹೇಳಿಕೊಟ್ಟರು.

ಫಲ ಸಭೆಯಲ್ಲೇ ಕಂಡಿತು. ಯಾವತ್ತೂ ಬಾಯಿ ಬಿಡದ ಹಿರಿಯರೊಬ್ಬರು ಎದ್ದು, "ಅಧ್ಯಕ್ಷರೇ, ಈ 'ಇತರೆ ಖರ್ಚು' ಅಂದರೆ ಎಂಥದು?" ಎಂದರು. ಸಿಇಒ ಕಡತ ತರಿಸಿ ಓದಿದರು. ಗೊಬ್ಬರದ ಗೋದಾಮಿನ ಶೀಟು ಗಾಳಿಗೆ ಹಾರಿತ್ತಂತೆ, ಅದರ ರಿಪೇರಿ. ಉತ್ತರ ಸಣ್ಣದು. ಆದರೆ ಸುಮ್ನೆ 'ಮಂಜೂರು, ಮಂಜೂರು' ಎಂದು ಮುಗಿಯುವ ಸಭೆಯಲ್ಲಿ ಅಷ್ಟಾದರೂ ಆಯಿತಲ್ಲ.

ಬೇಜಾರಿನ ಸಂಗತಿಗಳೂ ಇವೆ. ವರದಿ ಪುಸ್ತಕ ಕೊಟ್ಟದ್ದು ಬಾಗಿಲಲ್ಲಿ, ಸಹಿ ಹಾಕುವಾಗ. ಅಲ್ಲಿ ನಿಂತು ಯಾರು ಓದುತ್ತಾರೆ? ನೋಟಿಸಿನ ಜೊತೆಗೇ ಕಳಿಸಬಹುದಿತ್ತು. ಸನ್ಮಾನ, ಶಾಲು, ಫೋಟೋ ಜಾಸ್ತಿಯಾಗಿ, ಜಮ್ಮಾ ಜಾಗದ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಆರ್‌ಟಿಸಿಯಲ್ಲಿ ಹಿರಿಯರ ಹೆಸರೇ ಇದ್ದರೆ ಸಾಲ ಹೇಗೆ ಎಂದು ಕೇಳಿದವರನ್ನು "ಆಫೀಸಿಗೆ ಬನ್ನಿ" ಎಂದು ಕೂರಿಸಿದರು. ಅರ್ಧ ಸಭೆಗೆ ಬೇಕಾಗಿದ್ದ ಪಾಠವೇ ಅದು. ಸೆಪ್ಟೆಂಬರ್ 25ರೊಳಗೆ ಸಭೆ ಆಗಲೇಬೇಕು ಎನ್ನುತ್ತದೆ ಕಾಯ್ದೆ, ಅಂದರೆ ನಮ್ಮಲ್ಲಿ ಮಳೆಗಾಲ. ತಗಡಿನ ಮೇಲೆ ಮಳೆ ಬಿದ್ದರೆ ಆ ಹಳೇ ಮೈಕು ಇದ್ದೂ ಇಲ್ಲದ ಹಾಗೆ. ಹೆಂಗಸರು ಬೆರಳೆಣಿಕೆಯಷ್ಟು, ಷೇರು ಗಂಡಸರ ಹೆಸರಲ್ಲೇ ಇದ್ದರೆ ಇನ್ನೇನು.

ಊಟಕ್ಕೆ ಕಡುಬು, ಪಂದಿ ಕರಿ. ದೂರು ಇಲ್ಲ.

ಮೂರೂವರೆ ಪೂರ್ತಿ ಆ ಸಾಲದ ಲೆಕ್ಕದ ಪಾಠಕ್ಕೆ. ಬರುವ ವರ್ಷ ವರದಿ ಪುಸ್ತಕ ವಾರ ಮೊದಲೇ ಮನೆಗೆ ಬಂದರೆ ಇನ್ನೊಂದು ಸೇರಿಸುತ್ತೇನೆ.