ಬ್ಯಾಟರಿ ಸರಿಸೋದಾ, ಟ್ರಿಮ್ ಟ್ಯಾಬಾ, ಟರ್ನ್ ಫಿನ್ನಾ?

ನಿಮ್ಮ ಡೀಪ್-ವಿ (ತಳ V ಆಕಾರದ) ಆರ್‌ಸಿ (ರಿಮೋಟ್‌ನಲ್ಲಿ ಓಡಿಸುವ) ದೋಣಿ ಫುಲ್ ಥ್ರಾಟಲ್‌ನಲ್ಲಿ ಮೂತಿ ಎತ್ತಿ ಕುಣಿಯುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಬ್ಯಾಟರಿ ಸರಿಸುವುದಕ್ಕೆ ಸಾಟಿಯಿಲ್ಲ. ಒಂದು ತುಂಡು ವೆಲ್ಕ್ರೋ ಸಾಕು. ತೂಕದ ಕೇಂದ್ರ ಹಿಂಬದಿಯಿಂದ ಉದ್ದದ ಸುಮಾರು 30% ದೂರದಲ್ಲಿದ್ದರೆ ಒಳ್ಳೆಯ ಆರಂಭ. ಎರಡು ಬೆರಳ ಮೇಲೆ ದೋಣಿಯನ್ನು ತೂಗಿಸಿ ನೋಡಿ, ಬ್ಯಾಟರಿಯನ್ನು ಸಲಕ್ಕೆ 5 ಮಿ.ಮೀ. ಮಾತ್ರ ಮುಂದೆ ತಳ್ಳಿ. ನಾನು ಆತುರಪಟ್ಟು ಒಮ್ಮೆಲೇ ಎರಡಿಂಚು ತಳ್ಳಿದ್ದೆ. ಮೂತಿ ನೀರಿಗಂಟಿ ವೇಗವೆಲ್ಲ ಹೋಯ್ತು.

ನೇರ ಓಟದಲ್ಲಿ ಎಡಬಲ ತೂಗಾಡುವ ದೋಣಿಗೆ ಟ್ರಿಮ್ ಟ್ಯಾಬ್ (ಹಿಂಬದಿಯಲ್ಲಿ ತಳದ ಅಂಚಿಗೆ ಕೂರಿಸುವ ಪುಟ್ಟ ತಗಡು) ವಾಸಿ, ಅಲೆಯಿರುವ ಕೆರೆಗಂತೂ ಇನ್ನೂ. ಮೊದಲು ತಳದ ಮಟ್ಟಕ್ಕೇ ಕೂರಿಸಿ. ಕೂದಲೆಳೆಯಷ್ಟು ಕೆಳಗೆ ಬಗ್ಗಿಸಿದರೂ ಮೂತಿ ಇಳಿಯುತ್ತದೆ, ನೀರಿನ ಎಳೆತವೂ ಹೆಚ್ಚುತ್ತದೆ. ದಡಕ್ಕೆ ತಾಗಿ ತಗಡು ಬಾಗಿದರೆ ಕೈಯಲ್ಲೇ ನೆಟ್ಟಗೆ ಮಾಡಬಹುದು.

ಟರ್ನ್ ಫಿನ್ ಅಂದರೆ ಹಿಂಬದಿಯ ಪಕ್ಕದಲ್ಲಿ ನೀರಿಗಿಳಿಯುವ ಸಣ್ಣ ರೆಕ್ಕೆ. ಅದರ ಕೆಲಸವೇ ಬೇರೆ: ತಿರುವಿನಲ್ಲಿ ಹಿಂಭಾಗ ಜಾರದಂತೆ ನೀರನ್ನು ಕಚ್ಚಿ ಹಿಡಿಯುವುದು. ಬಲಕ್ಕೇ ತಿರುಗುವ ಓವಲ್ ರೇಸಿಗೆ ಬಲಬದಿಯದೊಂದು ಸಾಕು. ಆದರೆ ರಂಧ್ರ ಕೊರೆಯಬೇಕು, ಎಪಾಕ್ಸಿ ಅಂಟು ಹಚ್ಚದಿದ್ದರೆ ಒಳಗೆ ನೀರು. ಕಳೆ ತುಂಬಿದ ಕೆರೆಯಲ್ಲಿ ಮೊದಲು ಸಿಕ್ಕಿಕೊಳ್ಳುವುದೂ ಅದೇ. ನೇರ ಓಡಿಸಿ ಖುಷಿಪಡುವವರಿಗೆ ಇದರ ಗೊಡವೆ ಬೇಡ.